ಮೂರು ತಿಂಗಳ ಲೆಕ್ಕ

ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುವ ಬಿ.ಎ. ತರಗತಿಯ ವಿದ್ಯಾರ್ಥಿನಿಗೆ ರಕ್ತಪರೀಕ್ಷೆಯ ಗೊಡವೆ ಏಕೆ ಎಂದು ಸಹಪಾಠಿಗಳಲ್ಲಿ ಕೆಲವರಾದರೂ ಕೇಳದೆ ಇರಲಾರರು. ಅದು ವೈದ್ಯರ ವಿಷಯ, ಹೆಚ್ಚೆಂದರೆ ವಿಜ್ಞಾನ ಕಾಲೇಜಿನವರ ವಿಷಯ ಎನ್ನುವುದು ಸಹಜ. ಆದರೆ ಪರೀಕ್ಷೆ ನಡೆಯುವುದು ಪ್ರಯೋಗಾಲಯದಲ್ಲಾದರೂ ಅದರ ಕಾಗದ ಬಂದು ಸೇರುವುದು ಮನೆಗೆ. ನಮ್ಮ ಕಾಲೇಜಿನ ಬಹುಮಂದಿ ವಿದ್ಯಾರ್ಥಿಗಳ ಮನೆಯಲ್ಲಿ ಆ ಕಾಗದವನ್ನು ಓದಬಲ್ಲವರು ಅವರೊಬ್ಬರೇ. ವಂಶದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರ ಪಾಡು ಎಲ್ಲರಿಗೂ ತಿಳಿದದ್ದೇ. ಪಹಣಿ ಪತ್ರ, ಬ್ಯಾಂಕಿನ ನೋಟೀಸು, ವಿದ್ಯುತ್ ಬಿಲ್ಲು, ಆಸ್ಪತ್ರೆಯ ರಿಪೋರ್ಟು, ಎಲ್ಲವೂ ನಮ್ಮ ಕೈಗೇ ಬರುತ್ತವೆ. "ಇದರಾಗೆ ಏನು ಬರೆದೈತಿ, ನೋಡು" ಎಂಬ ಆ ಒಂದು ಪ್ರಶ್ನೆಗೆ ನೆಟ್ಟಗೆ ಉತ್ತರ ಹೇಳಲಾಗದಿದ್ದರೆ ನಾವು ಪಡೆಯಲಿರುವ ಪದವಿಗೆ ಬೆಲೆ ಎಷ್ಟು?

ಈಗಿನ ದಿನಗಳಲ್ಲಿ ಹಾಗೆ ಮನೆಗೆ ಬರುವ ಕಾಗದಗಳಲ್ಲಿ ಸಕ್ಕರೆ ಕಾಯಿಲೆಯದು ಬಹಳ. ಇದು ಕೂತು ಉಣ್ಣುವವರ ಕಾಯಿಲೆ ಎಂಬ ಮಾತು ಹಳೆಯದಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು ೧೦ ಕೋಟಿ ೧೦ ಲಕ್ಷ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ ೧೩ ಕೋಟಿ ೬೦ ಲಕ್ಷ. ಇಷ್ಟು ಮಂದಿಯಲ್ಲಿ ಮೂಟೆ ಹೊರುವವರೂ ಇದ್ದಾರೆ, ಹೊಲ ಉಳುವವರೂ ಇದ್ದಾರೆ. ಇವರ ಕೈಗೆ ಬರುವ ಕಾಗದ ಇವರಿಗೆ ಅರ್ಥವಾಗಬೇಕು, ಅದರಲ್ಲಿಯೂ "ಎಚ್‌ಬಿಎ೧ಸಿ" ಎಂಬ ಮೂರು ತಿಂಗಳ ಲೆಕ್ಕ ಅರ್ಥವಾಗಲೇಬೇಕು ಎಂಬುದು ಈ ಲೇಖನದ ವಾದ.

ಸಕ್ಕರೆಯನ್ನು ಅಳೆಯುವ ಕ್ರಮಗಳು ಮುಖ್ಯವಾಗಿ ಎರಡು ಬಗೆಯವು. ಒಂದು, ಆ ಕ್ಷಣದ ಸಕ್ಕರೆಯನ್ನು ಹೇಳುವಂಥದು. ಬರಿಹೊಟ್ಟೆಯಲ್ಲಿ ಒಮ್ಮೆ, ಊಟವಾದ ಎರಡು ಗಂಟೆಗೆ ಇನ್ನೊಮ್ಮೆ ರಕ್ತ ತೆಗೆದು ನೋಡುವುದು ಈ ಬಗೆಯದು. ಆರೋಗ್ಯ ಕಾರ್ಯಕರ್ತೆಯರು ಊರಿಗೆ ಬಂದಾಗ ಬೆರಳು ಚುಚ್ಚಿ ಒಂದು ಹನಿಯಲ್ಲಿ ನೋಡುವುದೂ ಇದೇ. ಇದು ಬೇಕಾದದ್ದೇ. ಆದರೆ ಇದರಲ್ಲಿ ಒಂದು ಕೊರತೆ ಉಂಟು. ಹಿಂದಿನ ಕಾಲದಲ್ಲಿ ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನ ಏನಾಗುತ್ತಿತ್ತೆಂದು ನಮ್ಮ ಹಿರಿಯರನ್ನು ಕೇಳಬೇಕು. ಅಂದು ಅಂಗಳ ಗುಡಿಸಿರುತ್ತಿತ್ತು, ಮಕ್ಕಳೆಲ್ಲ ತಲೆ ಬಾಚಿ ಬಂದಿರುತ್ತಿದ್ದರು, ಮಗ್ಗಿ ಬಾರದವನು ಹಿಂದಿನ ಸಾಲಿನಲ್ಲಿರುತ್ತಿದ್ದ. ಅದನ್ನು ಕಂಡು ಶಾಲೆ ವರ್ಷವೆಲ್ಲ ಹಾಗೆಯೇ ನಡೆದಿದೆ ಎಂದುಕೊಂಡರೆ ಮೋಸಹೋದಂತೆಯೇ ಸರಿ. ನಮ್ಮ ಜನರೂ ರಕ್ತಪರೀಕ್ಷೆಗೆ ಮುಂಚೆ ಎರಡು ದಿನ ಸಿಹಿ ಬಿಡುತ್ತಾರೆ, ರಾತ್ರಿಯ ಊಟವನ್ನು ಅರ್ಧ ಮಾಡುತ್ತಾರೆ, ಮರೆತ ಗುಳಿಗೆಯನ್ನು ಜ್ಞಾಪಿಸಿಕೊಂಡು ನುಂಗುತ್ತಾರೆ. ಮರುದಿನ ಬರುವ ಅಂಕಿ ಚೆನ್ನಾಗಿಯೇ ಇರುತ್ತದೆ. ಅದನ್ನು ಕಂಡು ಸಮಾಧಾನಪಟ್ಟು ಸಂಜೆಯೇ ಹಳೆಯ ದಾರಿಗೆ ಮರಳುತ್ತಾರೆ. ಇಲ್ಲಿ ಮೋಸಹೋಗುವವರು ವೈದ್ಯರಲ್ಲ, ಪರೀಕ್ಷೆ ಮಾಡಿಸಿಕೊಂಡವರೇ.

ಎರಡನೆಯ ಬಗೆಯ ಪರೀಕ್ಷೆ ಇನ್‌ಸ್ಪೆಕ್ಟರಲ್ಲ, ಹಾಜರಿ ಪುಸ್ತಕ. ನಮ್ಮ ರಕ್ತದ ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಎಂಬ ವಸ್ತುವಿದೆ, ಉಸಿರಿನ ಪ್ರಾಣವಾಯುವನ್ನು ಮೈಯೆಲ್ಲ ಹೊತ್ತು ಹಂಚುವ ಕೂಲಿ ಅದರದು. ರಕ್ತದಲ್ಲಿ ಹರಿಯುವ ಸಕ್ಕರೆ ಅದಕ್ಕೆ ಮೆಲ್ಲಮೆಲ್ಲಗೆ ಅಂಟಿಕೊಳ್ಳುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಅಂಟು ಹೆಚ್ಚು. ಆಲೆಮನೆಯಲ್ಲಿ ಕೆಲಸ ಮಾಡುವವನ ಬಟ್ಟೆಯನ್ನು ನೋಡಿದರೆ ಅವನು ಎಷ್ಟು ಹೊತ್ತು ಪಾಕದ ಬಳಿ ನಿಂತಿದ್ದನೆಂದು ಹೇಳಬಹುದಲ್ಲವೆ? ಇದೂ ಹಾಗೆಯೇ. ಹೀಗೆ ಸ್ಥಿರವಾಗಿ ಅಂಟಿದ ಸಕ್ಕರೆ ಆ ಕಣ ಸಾಯುವ ತನಕ ಬಿಡುವುದಿಲ್ಲ. ಕೆಂಪು ಕಣದ ಆಯುಸ್ಸು ಸುಮಾರು ೧೨೦ ದಿನ. ಯಾವ ದಿನ ರಕ್ತ ತೆಗೆದರೂ ಅದರಲ್ಲಿ ಇಂದು ಹುಟ್ಟಿದ ಕಣವೂ ಇರುತ್ತದೆ, ನಾಳೆ ಸಾಯುವ ಕಣವೂ ಇರುತ್ತದೆ. ನೂರು ಪಾಲು ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲಿಗೆ ಸಕ್ಕರೆ ಅಂಟಿದೆ ಎಂದು ಅಳೆದರೆ ಹಿಂದಿನ ಎರಡು ಮೂರು ತಿಂಗಳ ನಡತೆ ತಿಳಿಯುತ್ತದೆ. ಇದರಲ್ಲಿ ಕೊನೆಯ ಒಂದು ತಿಂಗಳ ಪಾಲು ಸುಮಾರು ಅರ್ಧದಷ್ಟು. ಈ ಪರೀಕ್ಷೆಗೆ ಉಪವಾಸವೂ ಬೇಕಿಲ್ಲ. ಹಿಂದಿನ ದಿನ ಉಪವಾಸವಿದ್ದರೆ ಅಂಕಿ ಇಳಿಯುವುದೂ ಇಲ್ಲ.

ಇದು ಕಂಡುಬಂದ ಬಗೆಯೂ ಸ್ವಾರಸ್ಯವಾಗಿದೆ. ಹಿಮೋಗ್ಲೋಬಿನ್‌ನ ಈ ಭಾಗವನ್ನು ಹ್ಯೂಸ್ಮನ್ ಮತ್ತು ಮೇಯರಿಂಗ್ ಎಂಬವರು ೧೯೫೮ರಲ್ಲಿಯೇ ಬೇರ್ಪಡಿಸಿ ತೋರಿಸಿದ್ದರು. ಆದರೆ ಅದಕ್ಕೂ ಸಕ್ಕರೆ ಕಾಯಿಲೆಗೂ ಇರುವ ನಂಟು ಆಗ ತಿಳಿದಿರಲಿಲ್ಲ. ಇರಾನ್ ದೇಶದ ತೆಹರಾನಿನಲ್ಲಿ ಸ್ಯಾಮ್ಯುಯಲ್ ರಹಬರ್ ಎಂಬ ವೈದ್ಯರು ರಕ್ತದ ಮಾದರಿಗಳನ್ನು ನೋಡುತ್ತಿದ್ದಾಗ ಮಧುಮೇಹಿಗಳ ಹಿಮೋಗ್ಲೋಬಿನ್ ತುಸು ಬೇರೆಯಾಗಿರುವುದನ್ನು ಗುರುತಿಸಿ ೧೯೬೮ರಲ್ಲಿ ಪ್ರಕಟಿಸಿದರು. ೧೯೭೬ರಲ್ಲಿ ಅಮೆರಿಕೆಯ ಕೋನಿಗ್, ಸೆರಾಮಿ ಮೊದಲಾದವರು ಐದು ಮಂದಿ ರೋಗಿಗಳ ಸಕ್ಕರೆಯನ್ನು ಹತೋಟಿಗೆ ತಂದು, ಅದರ ಹಿಂದೆಯೇ ಈ ಅಂಕಿಯೂ ಇಳಿಯುವುದನ್ನು ತೋರಿಸಿಕೊಟ್ಟರು. ಅಲ್ಲಿಂದ ಇದು ಚಿಕಿತ್ಸೆಯ ಅಳತೆಗೋಲಾಯಿತು.

ಈಗ ನಮ್ಮ ಮನೆಯ ಮಾತನ್ನು ಹೇಳುವುದು ಅನಿವಾರ್ಯ. ನಮ್ಮ ತಂದೆ ದಾವಣಗೆರೆಯ ಮಾರುಕಟ್ಟೆಯಲ್ಲಿ ಹಮಾಲಿ. ಮೂಟೆ ಹೊರುವವರಿಗೆ ಚಹಾವೇ ಬಲ. ದಿನಕ್ಕೆ ಐದಾರು ಲೋಟ, ಪ್ರತಿಯೊಂದೂ ಸಕ್ಕರೆಯ ಪಾನಕ. ಹೋದ ವರ್ಷ ಅವರ ರಿಪೋರ್ಟು ಬಂದಾಗ ಬರಿಹೊಟ್ಟೆಯ ಸಕ್ಕರೆ ೧೧೮ ಎಂದೂ ಎಚ್‌ಬಿಎ೧ಸಿ ಶೇಕಡ ೮.೨ ಎಂದೂ ಇತ್ತು. ಕಾಗದವೆಲ್ಲ ಇಂಗ್ಲಿಷು. ಕೊಟ್ಟವರು "ಡಾಕ್ಟರಿಗೆ ತೋರಿಸಿ" ಎಂದು ಹೇಳಿ ಮುಂದಿನವರನ್ನು ಕರೆದಿದ್ದರು. ನಾನು ಅಂಕಿಗಳನ್ನು ಓದಿ ಹೇಳಿದೊಡನೆ ತಂದೆಯವರ ಮುಖ ಅರಳಿತು. "ನೂರಕ್ಕೆ ಎಂಟು ಅಂದ್ರೆ ಭಾಳ ಕಮ್ಮಿ ಅಲ್ಲೇನವ್ವಾ? ಬರಿಹೊಟ್ಟೇದೂ ಇಳಿದೈತಿ. ಇನ್ನ ಗುಳಿಗೆ ಯಾಕೆ ಬೇಕು?" ಎಂದರು.

ಅವರ ಮಾತಿನಲ್ಲಿ ತರ್ಕವಿಲ್ಲವೆನ್ನಲಾದೀತೆ? ಮಕ್ಕಳ ಅಂಕಪಟ್ಟಿಯನ್ನು ಕಂಡವರಿಗೆ ನೂರಕ್ಕೆ ಎಂಟು ಎಂದರೆ ತೀರ ಕಡಿಮೆಯೇ. ಶೇಕಡ ಎಂಬ ಚಿಹ್ನೆ ಇಲ್ಲಿ ದಾರಿ ತಪ್ಪಿಸುತ್ತದೆ. ಆರೋಗ್ಯವಂತರಲ್ಲಿ ಈ ಅಂಕಿ ೫.೭ಕ್ಕಿಂತ ಕೆಳಗಿರುತ್ತದೆ. ೫.೭ರಿಂದ ೬.೪ರವರೆಗೆ ಎಚ್ಚರಿಕೆಯ ಹೊಸ್ತಿಲು. ೬.೫ ಮುಟ್ಟಿದರೆ ಮಧುಮೇಹ. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ರೋಗನಿರ್ಣಯಕ್ಕೆ ಈ ೬.೫ರ ಗೆರೆಯನ್ನು ಒಪ್ಪಿತು. ರೋಗದ ಲಕ್ಷಣಗಳಿಲ್ಲದವರಲ್ಲಿ ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುವುದು ವಾಡಿಕೆ. ಕಾಯಿಲೆ ಇರುವವರಲ್ಲಿ ಬಹುಮಂದಿಗೆ ೭ರ ಸುಮಾರಿನಲ್ಲಿ ಇಟ್ಟುಕೊಳ್ಳುವುದು ಗುರಿ. ವಯಸ್ಸಾದವರಿಗೆ, ಬೇರೆ ಕಾಯಿಲೆಗಳೂ ಇರುವವರಿಗೆ ವೈದ್ಯರು ಗುರಿಯನ್ನು ಸಡಿಲಿಸುತ್ತಾರೆ. ಹೀಗೆ ಇಡೀ ಕಥೆ ನಡೆಯುವುದು ಐದಕ್ಕೂ ಹತ್ತಕ್ಕೂ ನಡುವಣ ಕಿರಿದಾದ ಓಣಿಯಲ್ಲಿ. ಅಲ್ಲಿ ಅರ್ಧ ಅಂಕಿಯೂ ದೊಡ್ಡ ಅಂಕಿಯೇ.

ಆದುದರಿಂದ ಆ ಶೇಕಡವನ್ನು ಜನರಿಗೆ ಪರಿಚಿತವಾದ ಅಂಕಿಗೆ ತಿರುಗಿಸಿ ಹೇಳುವುದು ಮೇಲು. ಇದಕ್ಕೊಂದು ಸೂತ್ರ ೨೦೦೮ರಲ್ಲಿ ಪ್ರಕಟವಾಗಿದೆ. ಎಚ್‌ಬಿಎ೧ಸಿ ಅಂಕಿಯನ್ನು ೨೮.೭ರಿಂದ ಗುಣಿಸಿ ೪೬.೭ನ್ನು ಕಳೆದರೆ ಹಗಲಿರುಳಿನ ಸರಾಸರಿ ಸಕ್ಕರೆ ಮಿಲಿಗ್ರಾಮಿನ ಲೆಕ್ಕದಲ್ಲಿ ಸಿಗುತ್ತದೆ. ೫ ಎಂದರೆ ೯೭. ೬ ಎಂದರೆ ೧೨೬. ೭ ಎಂದರೆ ೧೫೪. ೮ ಎಂದರೆ ೧೮೩. ೯ ಎಂದರೆ ೨೧೨. ೧೦ ಎಂದರೆ ೨೪೦. ಒಂದೊಂದು ಮೆಟ್ಟಿಲಿಗೂ ಸುಮಾರು ೨೯ ಏರುತ್ತದೆ ಎಂದು ನೆನಪಿಟ್ಟರೆ ಸಾಕು. ಇದು ಊಟಕ್ಕೆ ಮುಂಚಿನದು, ಊಟವಾದ ಮೇಲಿನದು, ನಡುರಾತ್ರಿಯದು, ಎಲ್ಲವೂ ಸೇರಿದ ಸರಾಸರಿ ಎಂಬುದನ್ನು ಮರೆಯಬಾರದು. ನಮ್ಮ ತಂದೆಯವರ ೮.೨ನ್ನು ಹೀಗೆ ಲೆಕ್ಕ ಹಾಕಿದರೆ ೧೮೯ ಬಂತು. ಪರೀಕ್ಷೆಯ ದಿನ ಬೆಳಿಗ್ಗೆ ೧೧೮ ಇದ್ದ ಸಕ್ಕರೆ ಮೂರು ತಿಂಗಳ ಸರಾಸರಿಯಲ್ಲಿ ೧೮೯!

ಇದನ್ನು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಇದು ಅಡತಿ ಅಂಗಡಿ ಖಾತೆ ಇದ್ದಂಗೆ ಅನ್ನು. ಒಂದಿನ ರೊಕ್ಕ ಕಟ್ಟಿದ್ರೆ ಹಳೇ ಸಾಲ ತೀರಾಂಗಿಲ್ಲ" ಎಂದರು. ನಾನು ಓದಿದ ಯಾವ ಪುಸ್ತಕದಲ್ಲಿಯೂ ಇದಕ್ಕಿಂತ ಒಳ್ಳೆಯ ವಿವರಣೆ ಸಿಕ್ಕಿಲ್ಲ. ಓದು ಬಾರದವರಿಗೆ ತಿಳುವಳಿಕೆ ಇಲ್ಲವೆಂದು ಯಾರು ಹೇಳಿದರು? ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುವವರು ಇಲ್ಲ, ಅಷ್ಟೆ. ಅಂದಿನಿಂದ ಅವರು ಗುಳಿಗೆಯನ್ನು ಬಿಡಲಿಲ್ಲ. ಚಹಾದ ಲೋಟಗಳು ಎರಡಕ್ಕೆ ಇಳಿದವು, ಅದೂ ಸಕ್ಕರೆಯಿಲ್ಲದೆ. ಸಂತೆಯ ದಿನದ ಮಿಠಾಯಿ ನಿಂತಿತು. ಮೂರು ತಿಂಗಳ ಮೇಲೆ ಖಾತೆ ೭.೪ ಎಂದು ತೋರಿಸಿತು, ಎಂದರೆ ಸರಾಸರಿ ೧೬೬. ಗುರಿ ಇನ್ನೂ ಮುಟ್ಟಿಲ್ಲ. ಆದರೆ ಸಾಲ ಇಳಿಯುತ್ತಿದೆ ಎಂಬುದು ಅವರಿಗೇ ಕಾಣುತ್ತಿದೆ.

ಅಂಕಿ ಇಷ್ಟು ಇಳಿದರೆ ಏನು ಬಂತು ಎಂದು ಕೇಳುವವರುಂಟು. ಬಂದದ್ದು ಬಹಳ. ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಎಳೆಯ ವಯಸ್ಸಿನಲ್ಲಿ ಹೆಚ್ಚಾಗಿ ಬರುವ, ಇನ್ಸುಲಿನ್ ಇಲ್ಲದೆ ಬದುಕಲಾಗದ ಬಗೆಯ ಮಧುಮೇಹವುಳ್ಳ ೧,೪೪೧ ಮಂದಿಯನ್ನು ೧೯೮೩ರಿಂದ ೧೯೯೩ರವರೆಗೆ ಗಮನಿಸಲಾಯಿತು. ಅಂಕಿಯನ್ನು ೯ರ ಸುಮಾರಿನಿಂದ ೭ರ ಸುಮಾರಿಗೆ ಇಳಿಸಿಕೊಂಡವರಲ್ಲಿ, ಮೊದಲಿನಿಂದ ಕಣ್ಣು ಚೆನ್ನಾಗಿದ್ದವರಿಗೆ ಅಕ್ಷಿಪಟಲದ ರೋಗ ಬರುವ ಸಂಭವ ಶೇಕಡ ೭೬ರಷ್ಟು ಕಡಿಮೆಯಾಯಿತು. ನಮ್ಮಲ್ಲಿ ಹೆಚ್ಚಾಗಿ ಕಾಣುವ, ನಡುವಯಸ್ಸಿನ ಮಧುಮೇಹದ ಬಗ್ಗೆ ಬ್ರಿಟನ್ನಿನಲ್ಲಿ ನಡೆದ ದೀರ್ಘ ಅಧ್ಯಯನದ ಫಲ ೧೯೯೮ರಲ್ಲಿ ಹೊರಬಿತ್ತು. ಅಲ್ಲಿ ೭.೯ಕ್ಕೂ ೭.೦ಕ್ಕೂ ಇದ್ದ ಅಂತರ ಒಂದೂ ಅಲ್ಲ, ಮುಕ್ಕಾಲಿಗಿಂತ ತುಸು ಹೆಚ್ಚು. ಅಷ್ಟರಿಂದಲೇ ಕಣ್ಣು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳ ತೊಂದರೆಗಳು ಕಾಲುಭಾಗದಷ್ಟು ತಗ್ಗಿದವು. ಹನಿಗೂಡಿದರೆ ಹಳ್ಳ ಎಂಬ ಗಾದೆ ಸುಳ್ಳಲ್ಲ. ಕೂಲಿ ಮಾಡಿ ಬದುಕುವವನಿಗೆ ಕಣ್ಣೂ ಕಾಲೂ ಬರಿಯ ಅಂಗಗಳಲ್ಲ, ಅವೇ ಅವನ ಆಸ್ತಿ. ಪಾದದ ಹುಣ್ಣಿನಿಂದ ಮೂಲೆ ಸೇರಿದ ಹಮಾಲಿಗೆ ಮರುದಿನದ ಗಂಜಿ ಎಲ್ಲಿಂದ ಬರಬೇಕು?

ಹಾಗೆಂದು ಈ ಒಂದು ಅಂಕಿಯನ್ನೇ ವೇದವಾಕ್ಯವೆಂದು ನಂಬುವುದೂ ಸಲ್ಲದು. ಮೊದಲನೆಯದಾಗಿ, ಇದು ಸರಾಸರಿ. ಒಂದೂರಿನಲ್ಲಿ ಮಳೆ ಹದವಾಗಿ ಬಂದು ಪೈರು ಬೆಳೆದೀತು. ಇನ್ನೊಂದೂರಿನಲ್ಲಿ ಅಷ್ಟೇ ಮಳೆ ಒಂದೇ ವಾರದಲ್ಲಿ ಸುರಿದು ಬೆಳೆ ಕೊಚ್ಚಿಹೋದೀತು. ವರ್ಷದ ಸರಾಸರಿ ಎರಡೂರಿಗೂ ಒಂದೇ. ಹಾಗೆಯೇ ಸಕ್ಕರೆ ಒಮ್ಮೆ ೫೦ಕ್ಕೆ ಕುಸಿದು ಒಮ್ಮೆ ೨೬೦ಕ್ಕೆ ನೆಗೆಯುವವನ ಸರಾಸರಿ ನೋಡಲು ಚೆನ್ನಾಗಿಯೇ ಇದ್ದೀತು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ದಿನದ ಪರೀಕ್ಷೆ ತಪ್ಪದು. ಎರಡನೆಯದಾಗಿ, ಲೆಕ್ಕ ಬರೆಯುವುದು ಕೆಂಪು ಕಣದ ಮೇಲೆ. ಆ ಪುಸ್ತಕವೇ ಕೆಟ್ಟಿದ್ದರೆ ಲೆಕ್ಕವೂ ಕೆಟ್ಟಂತೆ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಬಂದವರಲ್ಲಿ ಅಂಕಿ ಇರಬೇಕಾದದ್ದಕ್ಕಿಂತ ಮೇಲೆ ಕಾಣಬಹುದು. ರಕ್ತ ಹೋದವರಲ್ಲಿ, ಕಣಗಳು ಬೇಗ ನಾಶವಾಗುವವರಲ್ಲಿ ಕೆಳಗೆ ಕಾಣಬಹುದು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ಶೇಕಡ ೫೭ ಮಂದಿಗೆ ರಕ್ತಹೀನತೆ ಇರುವ ನಾಡು ನಮ್ಮದು. ಸೋಲಿಗರು, ಜೇನುಕುರುಬರು ಮೊದಲಾದ ಕಾಡಿನ ಜನರಲ್ಲಿ ಕುಡುಗೋಲು ಕಣದ ರೋಗವೂ ಉಂಟು. ಆದುದರಿಂದ ಅವ್ವಂದಿರ ರಿಪೋರ್ಟನ್ನು ಓದುವಾಗ ಪಕ್ಕದಲ್ಲಿರುವ ಹಿಮೋಗ್ಲೋಬಿನ್ ಅಂಕಿಯನ್ನೂ ನೋಡಬೇಕು, ಸಂಶಯವಿದ್ದರೆ ವೈದ್ಯರನ್ನು ಕೇಳಬೇಕು. ಗುಳಿಗೆಯನ್ನು ಹೆಚ್ಚಿಸುವುದು ತಗ್ಗಿಸುವುದು ಅವರ ಕೆಲಸವೇ ಹೊರತು ಪದವಿ ಓದಿದ ಮಗಳದಲ್ಲ.

ಇಷ್ಟನ್ನೆಲ್ಲ ರೋಗಿಗೆ ಹೇಳುವುದರಿಂದ ಅವನು ಹೆದರುತ್ತಾನೆ, ಗುಳಿಗೆ ಕೊಟ್ಟು ಕಳುಹಿಸಿದರೆ ಸಾಕು ಎನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಹೆದರಿಕೆ ಹುಟ್ಟುವುದು ಅರ್ಥವಾಗದ ಕಾಗದದಿಂದ. ಅರ್ಥವಾದ ಕಾಗದದಿಂದ ಹುಟ್ಟುವುದು ಎಚ್ಚರ. ಇದಕ್ಕಿಂತ ಬಲವಾದ ಆಕ್ಷೇಪಣೆ ಇನ್ನೊಂದಿದೆ. ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ಬೆಳಗಿನಿಂದ ಸಾಲು ನಿಂತಿರುತ್ತದೆ, ಒಬ್ಬೊಬ್ಬರಿಗೆ ಪಾಠ ಹೇಳಲು ವೈದ್ಯರಿಗೆ ವೇಳೆ ಎಲ್ಲಿ? ಈ ಮಾತು ನಿಜ, ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಅಚ್ಚಿಗೆ ವೇಳೆ ಬೇಕಿಲ್ಲವಷ್ಟೆ? ಹೇಗೂ ಯಂತ್ರದಲ್ಲಿ ಅಚ್ಚಾಗುವ ರಿಪೋರ್ಟಿನ ಅಡಿಯಲ್ಲಿ ಮೂರೇ ಸಾಲು ತಿಳಿಗನ್ನಡದಲ್ಲಿ ಅಚ್ಚಾಗಲಿ: "ಇದು ಕಳೆದ ಮೂರು ತಿಂಗಳ ಲೆಕ್ಕ. ನಿಮ್ಮ ಸಕ್ಕರೆಯ ಸರಾಸರಿ ಇಷ್ಟು, ಸಾಮಾನ್ಯರಲ್ಲಿ ಇರುವುದು ಇಷ್ಟು. ವೈದ್ಯರನ್ನು ಕೇಳದೆ ಗುಳಿಗೆ ಬಿಡಬೇಡಿ." ಬಸ್ಸಿನ ಫಲಕದಲ್ಲಿ, ಕಚೇರಿಯ ಅರ್ಜಿಯಲ್ಲಿ ಕನ್ನಡ ಬೇಕೆಂದು ಕೇಳುವ ನಾವು ನಮ್ಮ ರಕ್ತದ ಕಾಗದದಲ್ಲಿ ಏಕೆ ಕೇಳಬಾರದು? ಭಾಷಾಭಿಮಾನಕ್ಕೆ ಇದಕ್ಕಿಂತ ಉಪಯುಕ್ತವಾದ ಕೆಲಸ ನನಗೆ ಕಾಣದು.

ಇನ್ನು ಈ ಪರೀಕ್ಷೆ ಬೆರಳಹನಿಯ ಪರೀಕ್ಷೆಗಿಂತ ದುಬಾರಿ, ಬಡವರಿಗೆ ಪದೇ ಪದೇ ಮಾಡಿಸಲು ಆಗುವುದಿಲ್ಲ ಎಂಬುದೂ ದಿಟವೇ. ಹಾಗೆಂದೇ ಮಾಡಿಸಿದ ಒಂದೊಂದು ಪರೀಕ್ಷೆಯೂ ವ್ಯರ್ಥವಾಗಬಾರದು. ಒಂದು ದಿನದ ಕೂಲಿ ಕೊಟ್ಟು ತಂದ ಕಾಗದ ಓದಿಸಿಕೊಳ್ಳದೆ ಸಂದೂಕದ ತಳ ಸೇರಿದರೆ ಅದಕ್ಕಿಂತ ದುಬಾರಿ ಇನ್ನೇನಿದೆ?

ನಮ್ಮ ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಘಟಕವಿದೆ. ವರ್ಷಕ್ಕೊಮ್ಮೆ ಹಳ್ಳಿಯಲ್ಲಿ ಶಿಬಿರ ಹೂಡಿ ರಸ್ತೆ ಗುಡಿಸಿ, ಗಿಡ ನೆಟ್ಟು, ಹಾಡಿ ಬರುತ್ತೇವೆ. ಅದು ಒಳ್ಳೆಯದೇ. ಮುಂದಿನ ಶಿಬಿರದಲ್ಲಿ ಒಂದು ಸಂಜೆಯನ್ನು ಇದಕ್ಕೆ ಮೀಸಲಿಡಬಾರದೆ? ಊರವರು ತಮ್ಮ ತಮ್ಮ ರಿಪೋರ್ಟು ತರಲಿ. ವೈದ್ಯರೊಬ್ಬರು ಎದುರಿಗಿರಲಿ. ನಾವು ಅಂಕಿಯನ್ನು ಕನ್ನಡದಲ್ಲಿ ಓದಿ, ಸರಾಸರಿಯನ್ನು ಲೆಕ್ಕ ಹಾಕಿ, ಒಂದು ಚೀಟಿಯಲ್ಲಿ ಬರೆದುಕೊಡೋಣ. ಗುಣಾಕಾರ ವ್ಯವಕಲನ ಬಂದರೆ ಸಾಕಾದ ಕೆಲಸವಿದು. ಆರ್ಟ್ಸ್ ವಿದ್ಯಾರ್ಥಿಗಳೂ ಹಿಂಜರಿಯಬೇಕಾಗಿಲ್ಲ. ಅಧ್ಯಾಪಕ ಮಹಾಶಯರು ಮನಸ್ಸು ಮಾಡಿದರೆ ಇದು ಕಷ್ಟವಲ್ಲ.

ನಮ್ಮನ್ನು ಓದಿಸಲು ಮೂಟೆ ಹೊತ್ತವರು, ಬೀಡಿ ಕಟ್ಟಿದವರು, ಹೊಲ ಒತ್ತೆಯಿಟ್ಟವರು ಪ್ರತಿಫಲವಾಗಿ ನಮ್ಮಿಂದ ಬಹಳವನ್ನೇನೂ ಕೇಳುತ್ತಿಲ್ಲ. ಕೆಲಸ ಸಿಕ್ಕರೆ ಸಿಕ್ಕೀತು, ಸಿಗದಿದ್ದರೆ ಕಾಯಬೇಕಾದೀತು. ಆದರೆ ಅವರ ಮೈಯ ಲೆಕ್ಕವನ್ನು ಅವರ ಮಾತಿನಲ್ಲಿ ಓದಿ ಹೇಳಲು ನೇಮಕದ ಆದೇಶ ಬೇಕಾಗಿಲ್ಲ. ಈ ಸಂಚಿಕೆಯನ್ನು ಮನೆಗೆ ಒಯ್ಯುವ ಮಿತ್ರರು ಮೊದಲು ಮನೆಯ ಸಂದೂಕದಲ್ಲಿರುವ ಆ ಹಳೆಯ ರಿಪೋರ್ಟನ್ನು ಹೊರತೆಗೆಯಲಿ ಎಂದು ನನ್ನ ಬಿನ್ನಹ.